ಹಳದಿ ಏಳದಿರಲಿ ಎಂದು ಕಾದ ವರ್ಷಗಳು

ನಾನು ಕೆಲಸ ಮಾಡಿದ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈಚೆಗೆ ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದಿದ್ದರು. "ಮೇಡಂ, ಅಲ್ಲಿ ಕೆಲಸ ನಿಜವಾಗ್ಲೂ ಹೆಂಗಿರುತ್ತೆ?" ಎಂದು ಕೇಳಿದರು.

"ನಗು ತಡ್ಕೊಂಡು ಮಾಡೋ ಕೆಲಸ ಕಣ್ರಮ್ಮ," ಎಂದೆ.

ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದಿದ್ದ ಒಬ್ಬಳು ಮತ್ತೆ ಮುಚ್ಚಿದಳು. ಅವರು ಹೋದ ಮೇಲೆ, ಅಷ್ಟೇ ಹೇಳಿ ಕಳಿಸಿದ್ದು ಅನ್ಯಾಯ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಅಡ್ಡಗಾಲು ಹಾಕಿದರು ಎಂಬುದೆಲ್ಲ ಇಲ್ಲಿ ಬೇಡ. ಅದನ್ನು ಎಲ್ಲ ಕಛೇರಿಯವರೂ ಹೇಳುತ್ತಾರೆ, ಎಲ್ಲರದೂ ಒಂದೇ ಥರ ಇರುತ್ತದೆ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಅಪ್ಪ ಮಂಡಿ ಮೊಹಲ್ಲಾದ ಸಗಟು ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದರು. ಅಕ್ಕ ದೊಡ್ಡತಾಯಮ್ಮ ಶಾಲೆ ಬಿಟ್ಟು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಅವಳ ಅಂಗೈ ಸದಾ ಕಪ್ಪು, ನನ್ನ ಪುಸ್ತಕ ಸದಾ ಹೊಸದು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು, ಚಿಕ್ಕತಾಯಮ್ಮ, ಎಂ.ಎಸ್ಸಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಪಡುವಷ್ಟು ಸುಲಭವಾಗಿ ಅದು ಬರಲಿಲ್ಲ.

ಕೆಲಸ ಇಷ್ಟು: ಎಲೆ, ಬೇರು, ಬೀಜ, ತೊಗಟೆ, ಅಣಬೆ, ಯಾವುದರಲ್ಲಾದರೂ ರಕ್ತದ ಸಕ್ಕರೆ ಇಳಿಸುವ ಅಂಶ ಇದೆಯೇ ಎಂದು ಹುಡುಕುವುದು. ಸೇರಿದ ದಿನ ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಮರುದಿನ ಬೆಳಗ್ಗೆ ನಲ್ಲಿಯ ಹತ್ತಿರ ಇಡೀ ಬೀದಿಗೆ ಗೊತ್ತಾಗಿತ್ತು. "ನಮ್ ಚಿಕ್ಕಿ ಸಕ್ಕರೆ ಕಾಯಿಲೆಗೆ ಸೊಪ್ಪು ಕಂಡುಹಿಡಿಯೋಕೆ ಹೋಗ್ತಾಳೆ ಕಣ್ರೀ. ಇನ್ನೇನು, ಸಿಕ್ಕೇ ಬುಡ್ತದೆ."

ಅಕ್ಕ ನನ್ನ ಕೆಲಸವನ್ನು ನನಗಿಂತ ಹೆಚ್ಚು ನಂಬಿದಳು. ಆ ನಂಬಿಕೆಯ ದೆಸೆಯಿಂದ ಅವಳ ಕಾಲಿನ ಒಂದು ಬೆರಳು ಹೋಗುವುದರಲ್ಲಿತ್ತು. ಆ ಬೆರಳನ್ನು ಉಳಿಸಿಕೊಂಡದ್ದೇ ನನ್ನ ವೃತ್ತಿಯ ದೊಡ್ಡ ಸಾಧನೆ ಎಂದು ನಾನು ಎಣಿಸುತ್ತೇನೆ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಪರೀಕ್ಷೆ ಎಂಥದು ಅಂತ ಹೇಳಬೇಕು.

ನಾವು ತಿಂದ ಅನ್ನ, ಮುದ್ದೆಯನ್ನೆಲ್ಲ ಕರುಳಿನಲ್ಲಿ ಸಕ್ಕರೆಯಾಗಿ ಕತ್ತರಿಸುವ ಕಿಣ್ವವೊಂದಿದೆ. ಅಂಥದೇ ಕಿಣ್ವವನ್ನು ಒಂದು ಕೊಳವೆಗೆ ಹಾಕಿ, ಬಣ್ಣವಿಲ್ಲದ ಒಂದು ದ್ರವ ಸೇರಿಸುತ್ತೇವೆ. ಕಿಣ್ವ ತನ್ನ ಕತ್ತರಿ ಆಡಿಸಿದರೆ ಕೊಳವೆ ಹಳದಿಯಾಗುತ್ತದೆ. ನಾವು ಹಾಕಿದ ಗಿಡದ ರಸ ಆ ಕತ್ತರಿಯನ್ನು ಹಿಡಿದು ನಿಲ್ಲಿಸಿದರೆ ಹಳದಿ ಏಳುವುದಿಲ್ಲ. ಅಷ್ಟೇ. ಹಳದಿ ಏಳದಿದ್ದರೆ ನಮಗೆ ಹಬ್ಬ. ವರ್ಷಗಟ್ಟಲೆ ಕೊಳವೆ ನೋಡಿಕೊಂಡು "ಏಳಬೇಡಪ್ಪಾ, ಏಳಬೇಡ" ಎಂದು ಬೇಡಿಕೊಂಡವಳು ನಾನು. ಅರಿಶಿನದ ರಸ ಹಾಕಿ ಹಳದಿ ಎದ್ದಿತೋ ಇಲ್ಲವೋ ಎಂದು ಅರ್ಧ ದಿನ ವಾದ ಮಾಡಿದವಳೂ ನಾನೇ.

ಈ ಪರೀಕ್ಷೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ನನ್ನ ಜೊತೆ ಕೆಲಸಕ್ಕೆ ಸೇರಿದವಳು ನಸೀಮಾ, ಮಂಡಿ ಮೊಹಲ್ಲಾದವಳು, ನಗಲು ಶುರು ಮಾಡಿದರೆ ಕುರ್ಚಿ ಹಿಡಿದುಕೊಳ್ಳಬೇಕಾದವಳು. ಅವಳೂ ಈ ವಿಷಯದಲ್ಲಿ ಮಾತ್ರ ನಗುತ್ತಿರಲಿಲ್ಲ. ಯಾವ ಹೊಸ ಗಿಡದ ರಸ ಪರೀಕ್ಷಿಸಿದರೂ ಅದರ ಪಕ್ಕದಲ್ಲಿ ಏನೂ ಹಾಕದ ಒಂದು ಸಾಲು ಇರಬೇಕು. ಇನ್ನೊಂದು ಪಕ್ಕದಲ್ಲಿ, ವೈದ್ಯರು ಬರೆದುಕೊಡುವ ಮಾತ್ರೆಯ ಔಷಧಿ ಹಾಕಿದ ಒಂದು ಸಾಲು ಇರಬೇಕು. ಗಿಡದ ಶಕ್ತಿ ಎಷ್ಟು ಅಂತ ತಿಳಿಯುವುದು ಈ ಎರಡರ ನಡುವೆ ನಿಲ್ಲಿಸಿದಾಗಲೇ. ಮಾತ್ರೆಯ ಸಾಲು ಇಲ್ಲದ ಫಲಿತಾಂಶವನ್ನು ನಸೀಮಾ ಓದುತ್ತಲೇ ಇರಲಿಲ್ಲ, ಬಚ್ಚಲಿಗೆ ಚೆಲ್ಲುತ್ತಿದ್ದಳು.

ಈಗ ಅಣಬೆಗೆ ಬರೋಣ. ನಮ್ಮ ದೊಡ್ಡ ಸಾಹೇಬರು ಡಾಕ್ಟರ್ ಪದ್ಮನಾಭಯ್ಯ. ಒಳ್ಳೆಯ ಮನುಷ್ಯ, ಉತ್ಸಾಹ ಮಾತ್ರ ವಿಪರೀತ. "ಇವತ್ತು ಊರೆಲ್ಲ ನುಂಗೋ ಸಕ್ಕರೆ ಮಾತ್ರೆ ಒಂದರ ಮೂಲ ಒಂದು ಕಳೆಗಿಡ ಕಣಮ್ಮಾ! ನಾಳೆ ನಮ್ಮದೂ ಬರುತ್ತೆ!" ಎನ್ನುತ್ತ ಕಾರಿಡಾರಿನಲ್ಲಿ ಓಡಾಡುವರು. ಒಮ್ಮೆ ಅವರು ಒಣಮರದ ಬೊಡ್ಡೆಗೆ ಅಂಟಿ ಬೆಳೆಯುವ ಅಣಬೆಯನ್ನು ಚೀಲದ ತುಂಬ ತಂದರು. ಅಣಬೆ ಅಂದರೆ ಸಾರಿಗೆ ಹಾಕುವಂಥದ್ದಲ್ಲ, ಮರದ ಹಲಗೆ. ಚಾಕು ಇಳಿಯಲಿಲ್ಲ. ನಮ್ಮ ಮಿಕ್ಸರ್ ಒಂದು ಸಲ ಕೂಗಿ ಪ್ರಾಣ ಬಿಟ್ಟಿತು.

"ನಮ್ಮ ಗಲ್ಲೀಲಿ ಮಿಲ್ ಇದೆಯಲ್ಲ, ಕಲ್ಲು ಹಾಕಿದ್ರೂ ಪುಡಿ ಮಾಡ್ತಾರೆ," ಎಂದಳು ನಸೀಮಾ.

ಇಬ್ಬರೂ ಆಟೋದಲ್ಲಿ ಚೀಲ ಹೊತ್ತು ಹೋದೆವು. ಮಿಲ್ಲಿನವನು ಕೇಳಿದ, "ಏನ್ ಮೇಡಂ ಇದು, ಚಪ್ಪಲಿ ಅಟ್ಟೆನಾ?" ಅಣಬೆ ಎಂದರೆ ನಂಬಲಿಲ್ಲ. ಆದರೂ ನಿಮಿಷದಲ್ಲಿ ನುಣ್ಣಗೆ ಪುಡಿ ಮಾಡಿಕೊಟ್ಟ. ಬಂದು ರಸ ತೆಗೆದು ಪರೀಕ್ಷೆಗಿಟ್ಟೆವು. ರಸ ಎಂಥ ಕೆಂಪು! ಸಾಹೇಬರು ಬೆಳಕಿಗೆ ಹಿಡಿದು, "ಆಹಾ! ಈ ವರ್ಣವೇ ಹೇಳ್ತಿದೆ, ಇದರಲ್ಲಿ ಏನೋ ಇದೆ," ಎಂದರು. ಹತ್ತಿರ ಹಿಡಿದು ಮೂಸಿದರು. ಆಮೇಲೆ ಅವರು ಸೀನಿದ್ದನ್ನು ಪಕ್ಕದ ಕಟ್ಟಡದವರೂ ಕೇಳಿಸಿಕೊಂಡರು. ಒಂದಾದ ಮೇಲೊಂದು, ಕನ್ನಡಕ ಹಾರಿಹೋಗುವಂತೆ. ಕಣ್ಣೀರು ಧಾರಾಕಾರ.

ನಮ್ಮ ಚೀಲಕ್ಕಿಂತ ಮುಂಚೆ ಆ ಮಿಲ್ಲಿನಲ್ಲಿ ಬ್ಯಾಡಗಿ ಮತ್ತು ಗುಂಟೂರು ಮೆಣಸಿನಕಾಯಿ ಪುಡಿಯಾಗಿತ್ತು. ನಾವು ಪರೀಕ್ಷೆಗಿಟ್ಟಿದ್ದು ಅಣಬೆಯ ಹೆಸರಿನ ಖಾರದಪುಡಿ.

ಸಾಹೇಬರು ಮೂಗು ಒರೆಸಿಕೊಂಡು, "ತಾಯಮ್ಮಾ, ಉಳಿದದ್ದನ್ನ ಹುಳಿಗೆ ಹಾಕಿ," ಎಂದರು. ನಸೀಮಾ ಕುರ್ಚಿ ಹಿಡಿದುಕೊಂಡಳು. ಕುರ್ಚಿಯೂ ಉರುಳಿತು.

ಅದಾದ ಮೇಲೆ ನಮಗೊಂದು ಸುವರ್ಣಕಾಲ ಬಂತು. ಏನು ಹಾಕಿದರೂ ಗೆಲ್ಲುತ್ತಿತ್ತು. ನೇರಳೆ ಬೀಜ ಗೆದ್ದಿತು, ನೆಲ್ಲಿ ಗೆದ್ದಿತು, ದಾಳಿಂಬೆ ಸಿಪ್ಪೆ ಗೆದ್ದಿತು. ಬರೀ ಗೆಲುವಲ್ಲ, ಪಕ್ಕದಲ್ಲಿದ್ದ ಮಾತ್ರೆಯ ಔಷಧಿಯನ್ನೇ ಸೋಲಿಸಿ ಗೆಲುವು. ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಯಾಂಟೀನಿನ ಬಸವಣ್ಣನಿಗೆ ಹೇಳಿ ಎಲ್ಲರಿಗೂ ಜಿಲೇಬಿ ಹಂಚಿಸಿದರು. ಸಕ್ಕರೆ ಕಾಯಿಲೆಯ ಮೇಲಿನ ಜಯಕ್ಕೆ ಜಿಲೇಬಿ! ಕಡೆಗೆ ನಸೀಮಾ ಒಂದು ದಿನ ತನ್ನ ಹವಾಯಿ ಚಪ್ಪಲಿ ತೋರಿಸಿ, "ಇದನ್ನ ಅರೆದು ಹಾಕಿದ್ರೂ ಗೆಲ್ಲುತ್ತೆ ಅನ್ಸುತ್ತೆ," ಎಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಲ್ಲವೂ ಗೆಲ್ಲುತ್ತಿದೆ ಅಂದರೆ ಪಂದ್ಯದಲ್ಲೇ ಏನೋ ಎಡವಟ್ಟಿದೆ.

ಎಡವಟ್ಟು ಕಿಣ್ವದಲ್ಲಿತ್ತು. ನಾವು ಬಳಸುತ್ತಿದ್ದದ್ದು ಬ್ರೆಡ್ಡು ಉಬ್ಬಿಸುವ ಯೀಸ್ಟಿನಿಂದ ತೆಗೆದ ಕಿಣ್ವ, ಅಗ್ಗ ಅಂತ. ಆ ಮಾತ್ರೆ ಮಾಡಿರುವುದು ಕರುಳಿನ ಕಿಣ್ವವನ್ನು ಹಿಡಿಯಲು. ಯೀಸ್ಟಿನ ಮುಂದೆ ಅದಕ್ಕೆ ಶಕ್ತಿಯೇ ಇಲ್ಲ. ಕುಸ್ತಿ ಪೈಲ್ವಾನನನ್ನು ಕರೆತಂದು ಈಜಿನಲ್ಲಿ ಸೋಲಿಸಿ ಜಿಲೇಬಿ ಹಂಚಿದ ಹಾಗೆ. ಇಲಿಯ ಕರುಳಿನ ಕಿಣ್ವ ತರಿಸಿ ಎಲ್ಲವನ್ನೂ ಮತ್ತೆ ನೋಡಿದೆವು. ಪೈಲ್ವಾನ ಎದ್ದು ಕೂತ. ನಮ್ಮ ಗೆಲುವಿನ ಗಿಡಗಳು ಒಂದೊಂದಾಗಿ ಹಳದಿಗೆ ತಿರುಗಿದವು. ಕೆಲವು ಮಾತ್ರ ತಕ್ಕಮಟ್ಟಿಗೆ ನಿಂತವು. ಆಮೇಲೆ ಕೊಳವೆಗಳು ಹೋಗಿ, ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲುಸಾಲು ಪುಟ್ಟ ಗುಂಡಿಗಳು ಬಂದವು, ಬಣ್ಣ ಓದುವ ಯಂತ್ರ ಬಂತು. ಆದರೆ ಹೊಸ ಹುಡುಗಿಯರೇ, ಯಂತ್ರ ಬಂದದ್ದಕ್ಕಿಂತ ದೊಡ್ಡ ಬದಲಾವಣೆ ಆ ಕಿಣ್ವ ಬದಲಾದದ್ದು. ನಿಮ್ಮ ಫಲಿತಾಂಶ ತೀರಾ ಚೆನ್ನಾಗಿ ಬಂದ ದಿನ ಸಿಹಿ ತರಿಸಬೇಡಿ, ಕಿಣ್ವದ ಬಾಟಲಿಯ ಮೇಲಿನ ಚೀಟಿ ಓದಿ.

ಇನ್ನು ಮಧುನಾಶಿನಿ. ಈ ಬಳ್ಳಿಯ ಎಲೆ ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ತಿಳಿಯುವುದಿಲ್ಲ. ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು. ಬಂದವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಚಮತ್ಕಾರವಿಲ್ಲ. ಹೊರಗಿನಿಂದ ಅಧಿಕಾರಿಗಳ ತಂಡವೊಂದು ಬರುತ್ತದೆಂದು ಸಾಹೇಬರು ಕಾರ್ಯಕ್ರಮ ಹಾಕಿದರು: ಸ್ವಾಗತ, ಭಾಷಣ, ಎಲೆ ಅಗಿಯುವ ಪ್ರದರ್ಶನ, ಊಟ. ಆ ಕ್ರಮದಲ್ಲಿ ಏನು ತಪ್ಪಿದೆ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅತಿಥಿಗಳೆಲ್ಲ ಎಲೆ ಅಗಿದರು, ಸಕ್ಕರೆ ಹಾಕಿಕೊಂಡರು, "ಅಯ್ಯೋ ಮರಳು ಮರಳು!" ಎಂದು ಮಕ್ಕಳ ಹಾಗೆ ಕುಣಿದರು. ನೇರ ಊಟಕ್ಕೆ ಹೋದರು. ಬಸವಣ್ಣ ಬೆಳಗ್ಗೆಯಿಂದ ತುಪ್ಪ ಸುರಿದು ಮೈಸೂರು ಪಾಕ್ ಮಾಡಿದ್ದ. ಅವನ ಅಜ್ಜನ ಕಾಲದಿಂದ ಬಂದ ಕೈ. ಮೊದಲ ಅತಿಥಿ ಕಚ್ಚಿ, ಮುಖ ಕಿವುಚಿ, "ಕಡ್ಲೆಹಿಟ್ಟು ಹಸಿ ಇದೆ," ಎಂದರು. ಎರಡನೆಯವರು, "ತುಪ್ಪದಲ್ಲಿ ಕರಿದ ಇಟ್ಟಿಗೆ ಪುಡಿ," ಎಂದರು.

ಬಸವಣ್ಣ ಸೌಟು ಕೆಳಗಿಟ್ಟ. "ನಾನು ಹೋಗ್ತೀನಿ ಸಾಮಿ. ಇವತ್ತೇ ಹೋಗ್ತೀನಿ. ಇಷ್ಟು ವರ್ಷದಲ್ಲಿ ಯಾವನೂ ಇಂಗೆ ಅಂದಿಲ್ಲ."

"ಬಸವಣ್ಣ, ತಪ್ಪು ನಿಂದಲ್ಲ ಕಣೋ, ನಾಲಿಗೇದು!" ಎಂದು ಸಾಹೇಬರು ಅವನ ಹಿಂದೆ ಓಡಿದರು.

"ನಿಮ್ ನಾಲಿಗೆ ಸರಿ ಐತಲ್ಲ, ನೀವ್ ತಿಂದು ಹೇಳಿ ಮತ್ತೆ!"

ಸಾಹೇಬರೂ ಎಲೆ ಅಗಿದಿದ್ದರು. ಬಾಯಿಗೆ ಹಾಕಿಕೊಂಡು ಅವರು ನುಂಗಲಾರದೆ ನಿಂತ ಮುಖವನ್ನು ನೆನೆದರೆ ಈಗಲೂ ನನಗೆ ಕೆಮ್ಮು ಬರುತ್ತದೆ. ಬಸವಣ್ಣ ಏಪ್ರನ್ ಬಿಚ್ಚಿ ಅವರ ಹೆಗಲ ಮೇಲೆ ಹಾಕಿ ಹೊರಟೇಬಿಟ್ಟ. ನಾಲಿಗೆಗಳು ಸರಿಹೋದ ಮೇಲೆ ಅತಿಥಿಗಳು ತಟ್ಟೆ ಖಾಲಿ ಮಾಡಿದ್ದನ್ನು ನಾನೇ ಅವನ ಮನೆಗೆ ಹೋಗಿ ಹೇಳಿ ಕರೆತಂದೆ.

ಇಷ್ಟೆಲ್ಲ ನಕ್ಕವಳು ನಾನು. ಆದರೆ ಅದೇ ಚಮತ್ಕಾರ ಅಶೋಕಪುರಂನ ನನ್ನಕ್ಕನ ಮನೆಯಲ್ಲಿ ನಡೆದಾಗ ನಗು ಬರಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಮಾತ್ರೆ ನುಂಗುತ್ತಿದ್ದಳು. ಸಾಹೇಬರ ನಿವೃತ್ತಿಗೆ ಕೆಲವೇ ತಿಂಗಳಿದ್ದವು, ನನ್ನದೂ ಹತ್ತಿರವಾಗಿತ್ತು. ಒಂದು ಭಾನುವಾರ ಹೋದರೆ ಅವಳ ಕಾಲಿನ ಬೆರಳಿಗೆ ಬಟ್ಟೆ ಸುತ್ತಿತ್ತು. "ಕಲ್ಲು ಎಡವಿದ್ದು ಕಣೇ, ಬುಡು," ಎಂದಳು. ಬಿಚ್ಚಿಸಿ ನೋಡಿದೆ. ಗಾಯ ಹಳೆಯದು, ಬೆರಳು ಕಪ್ಪಾಗತೊಡಗಿತ್ತು. ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಯ ತೊಳೆದು ಔಷಧಿ ಕಟ್ಟಿ ಅವರು ನೇರವಾಗಿ ಹೇಳಿದರು: ಸಕ್ಕರೆ ಇಳಿದರೆ ಬೆರಳು ಉಳಿಯುತ್ತದೆ, ಇಲ್ಲದಿದ್ದರೆ ತೆಗೆಯಬೇಕಾಗುತ್ತದೆ.

"ಮಾತ್ರೆ ತಗೊಳ್ತಿದ್ದೀಯಾ?" ಎಂದೆ ಮನೆಗೆ ಬಂದು.

"ಬುಟ್ಬುಟ್ಟೆ."

"ಯಾಕಕ್ಕ?"

ಅವಳು ಗೇಟಿನ ಕಡೆ ಕೈ ತೋರಿಸಿದಳು. ಗೇಟಿನ ಮೇಲೆಲ್ಲ ಮಧುನಾಶಿನಿ ಬಳ್ಳಿ, ಮದುವೆಮನೆಯ ಚಪ್ಪರದ ಹಾಗೆ. ಆ ಎಲೆಯ ಕಥೆಯನ್ನು ನಗುತ್ತ ಅವಳಿಗೆ ಹೇಳಿದ್ದವಳು ನಾನೇ. "ನೀನು ದುಡಿದು ದುಡಿದು ಕಂಡುಹಿಡಿದಿರೋ ಸೊಪ್ಪು ಮನೆ ಬಾಗ್ಲಲ್ಲಿರುವಾಗ ಅವರ ಮಾತ್ರೆ ನಂಗ್ಯಾಕೆ? ಬಾ, ತೋರಿಸ್ತೀನಿ." ಎರಡು ಎಲೆ ಕಿತ್ತು ಅಗಿದು, ಸಕ್ಕರೆ ಹಾಕಿದ ಕಾಫಿ ಗುಟುಕರಿಸಿದಳು. "ನೋಡು. ಸಪ್ಪೆ! ಸಕ್ಕರೆ ಎಲ್ಲೋಯ್ತು? ಎಲೆ ತಿಂದಾಕ್ಬುಡ್ತು. ದಿನಾ ಇಂಗೇ ಕುಡೀತೀನಿ."

ದಿನಾ! ಸಕ್ಕರೆ ಹಾಕಿಕೊಂಡು!

"ಅದು ನಾಲಿಗೆಗೆ ಗೊತ್ತಾಗಲ್ಲ ಅಷ್ಟೇ ಕಣಕ್ಕ. ಸಕ್ಕರೆ ಎಲ್ಲೂ ಹೋಗಿಲ್ಲ," ಎಂದೆ. ಅವಳು ಕುಡಿದು ಬಿಟ್ಟ ಲೋಟಕ್ಕೆ ಸ್ವಲ್ಪ ಹೊತ್ತಿಗೆ ಇರುವೆ ಸಾಲು ಕಟ್ಟಿ ಬಂತು. "ನೋಡು, ಸಕ್ಕರೆ ಇಲ್ದಿದ್ರೆ ಇವು ಯಾಕೆ ಬಂದ್ವು?"

"ಲೋಟದಲ್ಲಿ ಐತೆ, ಒಪ್ಕೋತೀನಿ. ಎಲೆ ಇರೋದು ನನ್ನೊಟ್ಟೇಲಿ. ಲೋಟದೊಳಗಿಂದು ಅದು ಎಂಗೆ ತಿಂದಾತು?"

ಬೆರಳ ತುದಿ ಚುಚ್ಚಿ ಸಕ್ಕರೆ ಅಳೆಯುವ ಯಂತ್ರ ತಂದೆ, ಅಂಕೆ ಮೇಲೆ ಕೂತಿತ್ತು. "ಆ ಡಬ್ಬಿ ಮಾತ್ರೆ ಕಂಪನಿಯೋರದ್ದೇ ಇರ್ಬೇಕು," ಎಂದಳು. ಡಾಕ್ಟರ ಮಾತು ಹೇಳಿದೆ. "ಅವ್ರು ನಮ್ಮೋರಲ್ಲ, ನೀನು ನಮ್ಮೋಳು," ಎಂದಳು. ನಾನು ಕೂಗಾಡಿದೆ. ಅವಳು ಶಾಂತವಾಗಿ, "ನಿನ್ನ ಓದ್ಸಿದ್ದು ನೀನು ಹೇಳಿದ್ನ ನಂಬೋಕೆ. ಈಗ ನೀನೇ ನಂಬ್ಬೇಡ ಅಂದ್ರೆ ನಾನೇನ್ ಮಾಡ್ಲಿ?" ಎಂದಳು. ಎಲೆ ನನ್ನದು ಎಂಬ ಒಂದೇ ಕಾರಣಕ್ಕೆ ಅವಳು ತನ್ನ ಬೆರಳನ್ನು ಪಣಕ್ಕಿಟ್ಟಿದ್ದಳು.

ನಸೀಮಾಗೆ ಹೇಳಿದೆ. ಅವಳು ನಗಲಿಲ್ಲ. "ಬಾಯಲ್ಲಿ ಹೇಳಿದ್ರೆ ಆಗಲ್ಲ, ಕರ್ಕೊಂಡ್ ಬಾ. ನಾವು ಏನು ಮಾಡ್ತೀವಿ ಅಂತ ನೋಡ್ಲಿ," ಎಂದಳು.

ಸಾಹೇಬರ ಅಪ್ಪಣೆ ಪಡೆದು ಅಕ್ಕನನ್ನು ಕರೆತಂದೆ. ಅವಳು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದಳು. ನನ್ನ ಕಛೇರಿಯೊಳಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಎದುರಾದವರಿಗೆಲ್ಲ "ನಾನು ಇವಳಕ್ಕ" ಎನ್ನುತ್ತ ಬಂದಳು. ಸಾಹೇಬರಿಗೂ ಹೇಳಿದಳು. ಸಾಹೇಬರು ಎದ್ದು ನಿಂತು ಕೈಮುಗಿದರು.

ಆ ದಿನದ ತಟ್ಟೆಯಲ್ಲಿ ಮಧುನಾಶಿನಿಯನ್ನೇ ಇಟ್ಟಿದ್ದೆವು. ಅಕ್ಕನನ್ನು ಮುಂದೆ ಕೂರಿಸಿ ಅವಳ ಕಣ್ಣೆದುರೇ ಎಲ್ಲವನ್ನೂ ಹಾಕಿದೆ. ಸ್ವಲ್ಪ ಹೊತ್ತಿಗೆ ಏನೂ ಹಾಕದ ಸಾಲು ಗಾಢ ಹಳದಿಯಾಯಿತು. ಮಧುನಾಶಿನಿಯ ಸಾಲು ಎಳೆ ಹಳದಿ. ಮೂರನೆಯ ಸಾಲು ನೀರಿನ ಹಾಗೆ ತಿಳಿ.

"ಹಳದಿ ಬಂದ್ರೆ ಸಕ್ಕರೆ ಏರ್ತಿದೆ ಅಂತ ತಿಳ್ಕೊ," ಎಂದೆ.

ಅಕ್ಕ ತಟ್ಟೆಗೆ ಮುಖ ಹಚ್ಚಿ ನೋಡಿದಳು. "ಈ ತಿಳಿ ಇರೋದೇ ನಮ್ ಸೊಪ್ಪು ಅಲ್ವಾ?"

"ಅಲ್ಲಕ್ಕ. ಸೊಪ್ಪು ನಡುವೆ ಇರೋದು. ತಿಳಿ ಇರೋದು ಡಾಕ್ಟರ ಮಾತ್ರೆ. ನಿನ್ನ ಮಾತ್ರೆ ಬೇರೆ ಜಾತೀದು, ಅದು ಕೆಲಸ ಮಾಡೋ ರೀತೀನೂ ಬೇರೆ. ಆದ್ರೂ…"

ನನ್ನ "ಆದ್ರೂ" ಅವಳ ಕಿವಿಗೆ ಬೀಳಲಿಲ್ಲ. ಅವಳು ಬೇರೇನೋ ಯೋಚಿಸುತ್ತಿದ್ದಳು. "ಇಲ್ಲಿ ಮಾತ್ರೆ ಯಾಕಿಟ್ಟಿದ್ದೀಯಾ? ನೀವು ನೋಡೋದು ಸೊಪ್ಪಲ್ವಾ?"

"ದಿನಾ ಇಡ್ತೀವಿ. ಮಾತ್ರೆ ಜೊತೇಲಿಲ್ದೆ ಸೊಪ್ಪು ನೋಡೋದೇ ಇಲ್ಲ. ಇಲ್ಲಿಗೆ ಸೇರಿದ ದಿನದಿಂದ ಇವತ್ತಿನವರೆಗೂ."

"ಒಂದಿನಾನೂ ಬುಟ್ಟಿಲ್ವಾ?"

"ಬಿಟ್ರೆ ನಾನೇ ಚೆಲ್ಲಿಬಿಡ್ತೀನಿ ಅಕ್ಕಾ," ಎಂದಳು ನಸೀಮಾ.

ಅಕ್ಕ ಕುರ್ಚಿಗೆ ಒರಗಿದಳು. ನನ್ನನ್ನು ನೋಡಿದಳು, ನಸೀಮಾಳನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಸಾಹೇಬರನ್ನು ನೋಡಿದಳು. ಆಮೇಲೆ ಗದರಿದಳು: "ಎಂ.ಎಸ್ಸಿ ಓದಿರೋಳು ನೀನೇ ಒಂದಿನ ಮಾತ್ರೆ ಬುಟ್ಟಿಲ್ಲ! ಮತ್ತೆ ನನಗ್ಯಾಕೆ ಬುಡೋಕೆ ಬುಟ್ಟೆ? ಇದನ್ನ ಮೊದ್ಲೇ ಹೇಳೋಕೆ ನಿಂಗೇನಾಗಿತ್ತೇ?"

ನಾಲಿಗೆ, ಇರುವೆ, ಯಂತ್ರ, ಡಾಕ್ಟರು ಯಾರೂ ಮಾಡಲಾಗದ್ದನ್ನು ನಮ್ಮ ಕೆಲಸದ ಆ ಒಂದು ಕಟ್ಟುನಿಟ್ಟು ಮಾಡಿತು. ಅವಳು ನಂಬಿದ್ದು ಎಲೆಯನ್ನಲ್ಲ, ನನ್ನನ್ನು. ನಾನು ದಿನಾ ಏನು ಮಾಡುತ್ತೇನೋ ಅದನ್ನು ಮಾಡಲು ಅವಳು ತಯಾರಿದ್ದಳು. ನನಗೆ ಅದು ಹೊಳೆದಿರಲಿಲ್ಲ. ಆ ದಿನ ಆಟೋ ಹತ್ತಿಸುವಾಗ ಅವಳೇ, "ದಾರೀಲಿ ಔಷಧಿ ಅಂಗ್ಡಿ ತಾವ ನಿಲ್ಸೋಕೆ ಹೇಳು," ಎಂದಳು. ಕಾಫಿಗೆ ಸಕ್ಕರೆ ನಿಂತಿತು. ಮಾತ್ರೆ ಶುರುವಾಯಿತು. ಗಾಯ ತೊಳೆಸಿಕೊಳ್ಳಲು ತಾನೇ ಹೋಗತೊಡಗಿದಳು. ಡಾಕ್ಟರು ಪ್ರತಿ ಸಲ ಬೆರಳು ಒತ್ತಿ ನೋಡಿ "ಇನ್ನೂ ಹೇಳೋಕಾಗಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿ ಮನೆಗೆ ಬಂದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ.

ನನ್ನ ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ಸಾಹೇಬರು ನಿವೃತ್ತರಾಗಿ ಕೋಲು ಹಿಡಿದಿದ್ದರೂ ಬಂದು ವೇದಿಕೆಯಲ್ಲಿ ಕೂತಿದ್ದರು. ಭಾಷಣ ಮಾಡಿದವರೆಲ್ಲ ನನ್ನ ಪ್ರಬಂಧಗಳ ಹೆಸರು ಹೇಳಿದರು, ಒಂದರ ಹೆಸರನ್ನೂ ಪೂರ್ತಿ ಹೇಳಲಾಗಲಿಲ್ಲ. ಕೊನೆಗೆ ಯಾರೋ, "ಮನೆಯವರಿಂದ ಯಾರಾದ್ರೂ ಎರಡು ಮಾತು," ಎಂದರು. ಕರೆಯುವ ಮೊದಲೇ ಅಕ್ಕ ಮೆಟ್ಟಿಲು ಹತ್ತುತ್ತಿದ್ದಳು.

ಮೈಕನ್ನು ಊದುಬತ್ತಿಯ ಕಟ್ಟು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಳು.

"ನಮ್ ಚಿಕ್ಕಿ ಇಷ್ಟು ವರ್ಷ ಇಲ್ಲಿ ಸೊಪ್ಪು ಹುಡುಕಿದ್ಲು, ಅಣಬೆ ಹುಡುಕಿದ್ಲು. ಸಿಕ್ತೋ ಇಲ್ವೋ, ಅದು ನಿಮ್ಗೆ ಗೊತ್ತು. ನನಗಂತೂ ಇದು ಸಿಕ್ತು."

ಎಂದವಳೇ ಚಪ್ಪಲಿ ಕಳಚಿ, ಸೀರೆಯ ಅಂಚು ತುಸು ಎತ್ತಿ, ಸಾಹೇಬರ ಪಕ್ಕದ ಖಾಲಿ ಕುರ್ಚಿಯ ಮೇಲೆ ಪಾದ ಇಟ್ಟಳು. ಸಭೆಯವರೆಲ್ಲ ಕತ್ತು ಚಾಚಿದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ನಮ್ಮಕ್ಕ ಐದೂ ಬೆರಳನ್ನು ಆಡಿಸಿ ತೋರಿಸಿದಳು.